ದಾದಿಯರಿಗೆ ಭಾನುವಾರದ ಊಟ

ಭಾನುವಾರ ಬೆಳಿಗ್ಗೆ ಓಣಿಯವರೆಲ್ಲ ಇನ್ನೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿರುವಾಗ ಮಾಮ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಒಳಗೆ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತಿತ್ತು.

"ಹೊರಟ್ರಾ?" ಎಂದು ಹೆಂಡತಿ ಕೇಳುತ್ತಿದ್ದಳು.

"ಹ್ಞೂಂ."

"ಮಕ್ಕಳಿಗೆ ಹೊಟ್ಟೆ ತುಂಬ ಹಾಕಿ ಬನ್ನಿ."

ಮತ್ತೆ ಯಂತ್ರ ಶುರುವಾಗುತ್ತಿತ್ತು. ಕೇಳಿದವರು ಇವರ ಮಕ್ಕಳು ಎಲ್ಲೋ ಹಾಸ್ಟೆಲಿನಲ್ಲಿದ್ದಾರೆ ಎಂದುಕೊಳ್ಳಬೇಕು. ಮೇಲಿನ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು ಹಾಗೆಯೇ ಅಂದುಕೊಂಡು, "ಯಾವ ಕ್ಲಾಸಲ್ಲಿ ಓದ್ತಿದಾರೆ?" ಎಂದು ಕೇಳಿಯೂ ಬಿಟ್ಟಿದ್ದಳು. ಹೆಂಡತಿ ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ, "ಇನ್ನೂ ಸ್ಕೂಲಿಗೆ ಹಾಕಿಲ್ಲ" ಎಂದಿದ್ದಳು.

ಮಾಮ ಕೆಲಸ ಮಾಡುತ್ತಿದ್ದದ್ದು ಗಂಡಸರ ಸಂತಾನಶಕ್ತಿಯನ್ನು ಅಧ್ಯಯನ ಮಾಡುವ ಲ್ಯಾಬಿನಲ್ಲಿ. ದೊಡ್ಡಾಸ್ಪತ್ರೆಯ ಹಿಂದಿನ ಕಟ್ಟಡ, ಮೇಲಿನ ಮಹಡಿ, ಲಿಫ್ಟು ಇದ್ದೂ ಇಲ್ಲದ ಹಾಗೆ. ಬದುಕಿರುವ ಮನುಷ್ಯನ ವೃಷಣದೊಳಗೆ ಏನು ನಡೆಯುತ್ತಿದೆ ಎಂದು ಕಣ್ಣಿಟ್ಟು ನೋಡುತ್ತ ಕೂರಲು ಆಗುವುದಿಲ್ಲವಲ್ಲ. ಯಾವ ಗಂಡಸು ತಾನೇ ಒಪ್ಪುತ್ತಾನೆ? ಅದಕ್ಕೇ ಅಲ್ಲಿಯ ಕೋಶಗಳನ್ನು ಹೊರಗೆ ತೆಗೆದು, ಚಪ್ಪಟೆ ಪ್ಲಾಸ್ಟಿಕ್ ಫ್ಲಾಸ್ಕುಗಳಲ್ಲಿ ಬೆಳೆಸಿ, ಅವುಗಳ ಮೇಲೆ ಹಾರ್ಮೋನು, ಔಷಧಿ, ಕೀಟನಾಶಕ ಎಂದು ಒಂದೊಂದನ್ನೇ ಹನಿಸಿ ಏನಾಗುತ್ತದೆ ನೋಡುತ್ತಾರೆ. ನೋಡುವವರು ಬೇರೆ, ಸಾಕುವವನು ಮಾಮ. ಕೋಶಗಳ ಊಟವೆಂದರೆ ಮೀಡಿಯಂ ಎಂಬ ಗುಲಾಬಿ ಬಣ್ಣದ ನೀರು. ಅವು ತಿಂದ ಹಾಗೆಲ್ಲ ಅದು ಹಳದಿಗೆ ತಿರುಗುತ್ತದೆ. ಹಳದಿಯಾದದ್ದನ್ನು ಹೀರಿ ಚೆಲ್ಲಿ, ಹೊಸ ಗುಲಾಬಿ ನೀರು ಹಾಕಬೇಕು. ತಡವಾದರೆ ತಮ್ಮ ಕೊಳೆಯಲ್ಲಿ ತಾವೇ ಸಾಯುತ್ತವೆ. ಇಂದು ರಜೆ ಎಂದರೆ ಅವಕ್ಕೆ ಅರ್ಥವಾಗುವುದಿಲ್ಲ.

ಮಾಮನ ಕೈಗುಣ ಇಡೀ ಕಟ್ಟಡಕ್ಕೆ ಗೊತ್ತಿತ್ತು. ಬೇರೆಯವರ ಫ್ಲಾಸ್ಕಿಗೆ ಬೂಸು ಹಿಡಿಯುತ್ತಿತ್ತು, ಇವನದಕ್ಕೆ ಇಲ್ಲ. ಪರೀಕ್ಷೆಗೆ ಹೊರಟ ಮಕ್ಕಳ ಹಾಗೆ ಸಂಶೋಧನಾ ವಿದ್ಯಾರ್ಥಿಗಳು ಬಂದು, "ಮಾಮ, ಸುಮ್ನೆ ಒಂದ್ಸಲ ಮುಟ್ಟಿ ಕೊಡಿ" ಎಂದು ಫ್ಲಾಸ್ಕು ಚಾಚುತ್ತಿದ್ದರು. ಕಂಡವರ ಕೋಶ ಸಾಕುವುದಕ್ಕೆ ಅಷ್ಟು ಕೈಗುಣ ಕೊಟ್ಟ ದೇವರು ಅವನ ಮನೆಯ ವಿಷಯ ಬಂದಾಗ ಮಾತ್ರ ತನಗೇನೂ ಗೊತ್ತೇ ಇಲ್ಲ ಎಂಬಂತೆ ಕೂತುಬಿಟ್ಟಿದ್ದ.

ಮದುವೆಯಾಗಿ ಎಷ್ಟೋ ವರ್ಷ ಮಾತೆಲ್ಲ ಹೆಂಡತಿಯ ತಲೆಯ ಮೇಲೆಯೇ ಬಿತ್ತು. ಅತ್ತೆ ನಿಟ್ಟುಸಿರಿನಲ್ಲೇ ಎಲ್ಲ ಹೇಳುತ್ತಿದ್ದಳು. ನಾದಿನಿಗೆ ಬಾಯಿಯೇ ಇತ್ತು. ಮಾಡಬೇಕಾದ ಪರೀಕ್ಷೆಗಳೆಲ್ಲ ಅವಳಿಗೇ ಆದವು. ಯಾವುದರಲ್ಲೂ ಏನೂ ಸಿಗದಿದ್ದಾಗ ಡಾಕ್ಟರು ಕನ್ನಡಕದ ಮೇಲಿನಿಂದ ಇವನ ಕಡೆ ನೋಡಿದರು. ಆ ದಿನ ಮನೆಗೆ ನಡೆದು ಬರುವಾಗ ಹೆಂಡತಿ, "ಬೇಡ ರೀ. ಯಾರದು ಅಂತ ಗೊತ್ತಾದ್ರೆ ಮಗು ಬಂದ್ಬಿಡುತ್ತಾ? ಇಬ್ಬರಲ್ಲಿ ಒಬ್ಬರು ತಲೆ ತಗ್ಗಿಸ್ಬೇಕಾಗುತ್ತೆ, ಅಷ್ಟೆ" ಎಂದಳು. ಲ್ಯಾಬಿನಲ್ಲಿ ಕೂದಲು ನರೆತ ಮನುಷ್ಯ ಕೇಳುತ್ತಾನೆಯೇ? ಗೊತ್ತಾಗಲೇಬೇಕು ಎಂದು ಹಠ ಹಿಡಿದ. ಒಂದು ಚೂರು ಕತ್ತರಿಸಿ ತೆಗೆದು ನೋಡಿದರು. ವೃಷಣದ ಒಳಗಿನ ಸಣ್ಣ ಕೊಳವೆಗಳಲ್ಲಿ ಒಂದು ಬಗೆಯ ಕೋಶಗಳಿರುತ್ತವೆ. ಬೆಳೆಯುವ ವೀರ್ಯಾಣುಗಳನ್ನು ಮಡಿಲಲ್ಲಿಟ್ಟುಕೊಂಡು ಉಣಿಸಿ ದೊಡ್ಡದು ಮಾಡುವುದೇ ಅವುಗಳ ಕೆಲಸ. ದಾದಿ ಕೋಶ ಎನ್ನುತ್ತಾರೆ. ಇವನಲ್ಲಿ ಇದ್ದದ್ದು ಅವು ಮಾತ್ರ.

"ಮನೆ ಇದೆ, ದಾದಿಯರೂ ಇದ್ದಾರೆ. ಮಕ್ಕಳಿಲ್ಲ. ಹುಟ್ಟಿನಿಂದಲೇ ಹೀಗಿರಬಹುದು," ಎಂದರು ಡಾಕ್ಟರು. ಒಳ್ಳೆಯ ಮನುಷ್ಯ, ಮೆತ್ತಗೇ ಹೇಳಿದರು. ಮೆತ್ತಗೆ ಹೇಳಿದ್ದರಿಂದ ಮಾಮನಿಗೆ ಏನೂ ಕಡಿಮೆಯಾಗಲಿಲ್ಲ.

ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಪರೀಕ್ಷೆಗೆ ಬಳಸಿ ಉಳಿದ ಆ ಚೂರನ್ನು ಕೊಡುತ್ತೀರಾ ಎಂದು ಅವರು ಕೇಳಿದ್ದು ಬಹಳ ಹಿಂಜರಿಯುತ್ತ. ಮನುಷ್ಯನ ದಾದಿ ಕೋಶ ಸುಲಭಕ್ಕೆ ಸಿಗುವುದಿಲ್ಲ. ಲ್ಯಾಬುಗಳಲ್ಲಿ ಹೆಚ್ಚಾಗಿ ಇಲಿಯದೇ ಇರುತ್ತದೆ. ಮಾಮ ಸಹಿ ಹಾಕಿದ. ಫ್ಲಾಸ್ಕಿನ ಮೇಲೆ ಒಂದು ನಂಬರು ಬಿತ್ತು. ಆ ನಂಬರು ಯಾರೆಂದು ಮೇಡಂಗೆ ಗೊತ್ತು, ಮಾಮನಿಗೆ ಗೊತ್ತು, ಮನೆಯಲ್ಲಿ ಹೆಂಡತಿಗೆ ಗೊತ್ತು. ಮೊದಲ ಭಾನುವಾರ ಅವನು ಹೊರಟಾಗ, "ಹೋಗಿ, ಮಕ್ಕಳಿಗೆ ಊಟ ಹಾಕಿ ಬನ್ನಿ" ಎಂದು ಅವಳು ಅಂದಿದ್ದು ಚುಚ್ಚುವುದಕ್ಕೇ. ಅಷ್ಟು ವರ್ಷ ತಾನು ಕೇಳಿಸಿಕೊಂಡದ್ದಕ್ಕೆ ಒಂದೇ ಒಂದು ಮಾತಿನಲ್ಲಿ ಲೆಕ್ಕ ತೀರಿಸಿದ್ದಳು. ಮುಂದಿನ ಭಾನುವಾರ ಮತ್ತೆ ಅಂದಳು, ಅದರ ಮುಂದಿನ ಭಾನುವಾರವೂ. ಹೇಳುತ್ತ ಹೇಳುತ್ತ ಮಾತಿನ ಮೊನೆ ಸವೆಯಿತು. ಆಮೇಲೊಂದು ದಿನ ಅವನಿಗೆ ಜ್ವರ ಬಂದು ಮಲಗಿದ್ದಾಗ, "ಇವತ್ತು ಅವಕ್ಕೆ ಯಾರು ಹಾಕ್ತಾರೆ?" ಎಂದು ನಿಜವಾಗಿಯೂ ಚಿಂತೆ ಮಾಡಿ ಕೇಳಿದಳು. ಅಲ್ಲಿಂದ ಅದು ಮನೆಯ ಮಾತಾಯಿತು.

ಆ ಕೋಶಗಳ ಮೇಲೆ ಕೆಲಸ ಮಾಡಲು ಬಂದವಳು ಕಡ್ಡಿ. ಬೆಂಕಿಕಡ್ಡಿಯಷ್ಟು ತೆಳ್ಳಗೆ, ಗೀರಿದರೆ ಭಗ್ಗೆನ್ನುವ ಸ್ವಭಾವ, ಹೆಸರಿಟ್ಟವನು ಮಾಮನೇ. ಡಾಕ್ಟರೇಟ್ ಮುಗಿಸುವುದು ಅವಳ ಜೀವದ ಆಸೆ. ಮೊದಲ ವರ್ಷವಿಡೀ ಆ ಕೋಶಗಳು ಅವಳನ್ನು ಗೋಳು ಹೊಯ್ದುಕೊಂಡವು. ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಅಗಲವಾಗಿ ಕೂತಿರುತ್ತಿದ್ದವೇ ಹೊರತು ಒಂದು ಎರಡಾಗುತ್ತಿರಲಿಲ್ಲ. ಗುಲಾಬಿ ನೀರು ಗುಲಾಬಿಯಾಗಿಯೇ ಇರುತ್ತಿತ್ತು.

"ಈ ಮನುಷ್ಯ ಯಾರೋ ಭಾರಿ ಸೋಮಾರಿ ಇರ್ಬೇಕು ಮಾಮ," ಎಂದು ಅವಳು ಮೈಕ್ರೋಸ್ಕೋಪಿನಿಂದ ಕಣ್ಣೆತ್ತಿ ಬೈಯುತ್ತಿದ್ದಳು. "ಮನೇಲೂ ಹೀಗೇ ಕೂತಿರ್ತಾನೆ. ಹೆಂಡ್ತಿ ಪಾಪ ಏನು ಅನುಭವಿಸ್ತಿದಾಳೋ."

"ಇರ್ಬಹುದು," ಎನ್ನುತ್ತಿದ್ದ ಮಾಮ. "ಅವಳು ಬಾಯಿ ಬಿಟ್ಟು ಹೇಳಲ್ಲ, ಅಷ್ಟೆ."

ಅಷ್ಟಿಷ್ಟು ಕೋಶಗಳಲ್ಲೇ ಕಡ್ಡಿ ಸಣ್ಣಸಣ್ಣ ಪ್ರಯೋಗ ಮಾಡಿ ಮೊದಲ ಅಧ್ಯಾಯ ಬರೆದಳು. ಆಮೇಲೆ ಒಂದು ಬೆಳಿಗ್ಗೆ ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆಗೆದ ಮಾಮ ಹಾಗೆಯೇ ನಿಂತುಬಿಟ್ಟ. ಸೋಮಾರಿಯ ಫ್ಲಾಸ್ಕು ಹಳದಿಯಾಗಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಾಲಿಡಲು ಜಾಗವಿಲ್ಲದಷ್ಟು ಕೋಶ. ಹೀಗೆ ಒಮ್ಮೊಮ್ಮೆ ಆಗುವುದುಂಟು. ಕೋಶಗಳು ತಾವಾಗಿಯೇ ಹಠ ಬಿಟ್ಟು ಬೆಳೆಯತೊಡಗುತ್ತವೆ, ಕೊನೆಯಿಲ್ಲದೆ ಬೆಳೆಯುತ್ತಲೇ ಇರುತ್ತವೆ. ಆಗ ಅದು ಒಂದು ತಳಿಯಾಯಿತು ಎನ್ನುತ್ತಾರೆ. ಕಡ್ಡಿ ಕುಣಿದಳು. ಮೇಡಂ ತಮ್ಮ ಕೋಣೆಯಿಂದ ಎದ್ದು ಬಂದರು. ಮಾಮ ಎಲ್ಲರಿಗೂ ಸಿಹಿ ಹಂಚಿದ. ಯಾಕೆ ಇಷ್ಟು ಖುಷಿ ಎಂದು ಯಾರಿಗೂ ಗೊತ್ತಾಗಲಿಲ್ಲ. ಮನೆಗೂ ಒಂದು ಪೊಟ್ಟಣ ಒಯ್ದ. "ಇನ್ನು ನಾನು ಸತ್ರೂ ಅವು ಇರ್ತವೆ ಕಣೇ," ಎಂದ. ಹೆಂಡತಿ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಬಿಡ್ತು ಅನ್ನಿ" ಎಂದಳು. ಅವತ್ತಿನಷ್ಟು ನೆಮ್ಮದಿಯಾಗಿ ಅವರಿಬ್ಬರೂ ಬಹಳ ವರ್ಷದಿಂದ ಮಲಗಿರಲಿಲ್ಲ.

ನಂತರದ ವರ್ಷಗಳೆಲ್ಲ ಆ ಫ್ಲಾಸ್ಕಿನ ಬಲದ ಮೇಲೆಯೇ ನಡೆದವು. ಕಡ್ಡಿಯ ಪ್ರಬಂಧ ದಪ್ಪವಾಗುತ್ತ ಹೋಯಿತು. ಪ್ರಕಟಣೆಗೆ ಕಳಿಸಿದಾಗ ಪತ್ರಿಕೆಯವರು ಒಂದು ಮಾತು ಕೇಳಿದರು: ಈ ಕೋಶ ನೀವು ಹೇಳುವ ಮನುಷ್ಯನದೇ ಎಂಬುದಕ್ಕೆ ಡಿಎನ್‌ಎ ಗುರುತು ಕಳಿಸಿ. ಎಲ್ಲರನ್ನೂ ಕೇಳುತ್ತಾರೆ, ಇದೊಂದು ಶಾಸ್ತ್ರ ಎಂದುಕೊಂಡು ಮೇಡಂ ಕೋಶಗಳನ್ನು ಪರೀಕ್ಷೆಗೆ ಕಳಿಸಿಕೊಟ್ಟರು. ಹೋಲಿಸಿ ನೋಡಲು ಮಾಮನ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಸ್ವಲ್ಪ ಒರೆಸಿ ತೆಗೆಯಬೇಕಾಯಿತು. ಅದನ್ನು ತೆಗೆಯಲು ಬಂದವಳು ಕಡ್ಡಿಯೇ. ಕೊಳವೆಯ ಮೇಲೆ ಆ ನಂಬರು ಬರೆಯುವಾಗ ಅವಳ ಕೈ ನಿಂತಿತು. ಮೊದಲ ವರ್ಷವಿಡೀ ತಾನು ಬೈದದ್ದೆಲ್ಲ ಒಟ್ಟಿಗೆ ನೆನಪಾಗಿರಬೇಕು.

"ಮಾಮ, ನಾನು..."

"ಬಾಯಿ ಒಣಗ್ತಿದೆ ಕಣೆ, ಬೇಗ ತಗೋ," ಎಂದ ಮಾಮ.

ವರದಿ ಬಂದ ದಿನ ಮೇಡಂ ಇಬ್ಬರನ್ನೂ ಕೋಣೆಗೆ ಕರೆದು ಬಾಗಿಲು ಹಾಕಿದರು. "ಇದು ನಿಮ್ಮದಲ್ಲ," ಎಂದರು. "ನಿಮ್ಮದು ಅಲ್ಲ ಅನ್ನೋದಷ್ಟೇ ಅಲ್ಲ, ಗಂಡಸಿನದೇ ಅಲ್ಲ. ಹೆಂಗಸಿನ ಗೆಡ್ಡೆ ಕೋಶ. ಮೂಲೇಲಿ ಇಟ್ಟು ಬೆಳೆಸ್ತೀವಲ್ಲ, ಅದು."

ಕಡ್ಡಿ ಮೊದಲು ನಕ್ಕುಬಿಟ್ಟಳು. "ಅಂದ್ರೆ ನಾನು ಇಷ್ಟು ವರ್ಷ ಗಂಡಸರ ಕೋಶ ಅಂತ ಹೆಂಗಸಿಗೆ ಹಾರ್ಮೋನ್ ಕುಡಿಸ್ತಿದ್ನಾ?" ನಗು ಅರ್ಧಕ್ಕೇ ಅಳುವಾಯಿತು. ಮಾಮ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ಕೂತ. ಯಾವ ಕಾಲದಲ್ಲೋ ತೀರಿಕೊಂಡ ಹೆಂಗಸೊಬ್ಬಳ ಕ್ಯಾನ್ಸರ್ ಗೆಡ್ಡೆಯ ಕೋಶ ಆ ಲ್ಯಾಬಿನಲ್ಲೂ ಇತ್ತು. ಒಂದೇ ಒಂದು ಕೋಶ ಬೇರೆ ಫ್ಲಾಸ್ಕಿಗೆ ಬಿದ್ದರೂ ಸಾಕು, ಅಲ್ಲಿದ್ದವರನ್ನೆಲ್ಲ ಹಸಿವಿನಲ್ಲಿಟ್ಟು ತಾನೊಂದೇ ಬೆಳೆಯುವಂಥದ್ದು. ಅದಕ್ಕೇ ಒಂದು ತಳಿಗೆ ಹಾಕಿದ ಮೀಡಿಯಂ ಬಾಟಲಿಯನ್ನು ಇನ್ನೊಂದಕ್ಕೆ ಮುಟ್ಟಿಸಬಾರದು. ಹೊಸ ಹುಡುಗರಿಗೆ ಮೊದಲ ದಿನವೇ ಈ ಪಾಠ ಹೇಳುತ್ತಿದ್ದವನು ಮಾಮ.

ಅವನಿಗೆ ಆ ಸಂಜೆ ಚೆನ್ನಾಗಿ ನೆನಪಿತ್ತು. ಹೆಂಡತಿಯ ತಂಗಿಗೆ ಹೆರಿಗೆಯಾಗಿತ್ತು. ಮಗು ನೋಡಲು ಹೋಗಬೇಕೆಂದು ಹೆಂಡತಿ ಗೇಟಿನ ಬಳಿ ಬಂದು ನಿಂತಿದ್ದಳು. ಹೊಲಿದ ಪುಟ್ಟ ಅಂಗಿಗಳ ಚೀಲ ಕೈಯಲ್ಲಿ. ಹೊಸ ಬಾಟಲಿ ತೆಗೆದು ಬೆಚ್ಚಗೆ ಮಾಡಲು ಹೊತ್ತಾಗುತ್ತಿತ್ತು. ಗೆಡ್ಡೆ ಕೋಶಕ್ಕೆ ಹಾಕಿ ಉಳಿದ ಬಾಟಲಿ ಮುಂದೆಯೇ ಇತ್ತು. ಇದೊಂದು ಸಲ ಎಂದುಕೊಂಡು ಅದರಿಂದಲೇ ಹೀರಿ ತನ್ನ ಫ್ಲಾಸ್ಕಿಗೂ ಹಾಕಿ, ಕೈಗವಸು ಕಳಚಿ ಓಡಿದ್ದ. ಸಿಹಿ ಹಂಚಿದ್ದು ಅದಾದ ಮೇಲೆ. ಅವನು ಸಿಹಿ ಹಂಚಿದ್ದು ತನ್ನವು ಸತ್ತ ಸಂತೋಷಕ್ಕೆ. ಇದನ್ನು ಅವನು ಮೇಡಂಗೆ ಅಲ್ಲೇ ಹೇಳಿದ. ಅವರು ಬೈದಿದ್ದರೆ ಒಳ್ಳೆಯದಿತ್ತು, ಬೈಯಲಿಲ್ಲ.

"ಮೊದಲಿನ ಸ್ಟಾಕ್ ಏನಾದ್ರೂ ಇದೆಯಾ?" ಎಂದು ಕೇಳಿದರು. "ಆ ಸಂಜೆಗಿಂತ ಮುಂಚಿನದು? ಅದು ಸರಿಯಿದ್ರೆ ಇವಳ ಮೊದಲನೇ ಅಧ್ಯಾಯ ಉಳಿಯುತ್ತೆ. ಅದೊಂದಿದ್ರೆ ಮೇಲೆ ಏನಾದ್ರೂ ಕಟ್ಟಬಹುದು. ಇಲ್ದಿದ್ರೆ ಎಲ್ಲಾ ನೆಲಸಮ."

ಕೋಶಗಳನ್ನು ಹೆಪ್ಪುಗಟ್ಟಿಸಿಡುವ ದ್ರವ ಸಾರಜನಕದ ಟ್ಯಾಂಕಿನ ತಳದಲ್ಲಿ ಆ ಸಂಜೆಗಿಂತ ಮುಂಚಿನ ಒಂದೇ ಒಂದು ಕೊಳವೆ ಇತ್ತು. ಮಾಮ ಅದನ್ನು ಬೆಚ್ಚಗಿನ ನೀರಿನಲ್ಲಿ ಆಡಿಸಿ ಕರಗಿಸಿ, ಬೆರಳಗಲದ ತಟ್ಟೆಗೆ ಹಾಕಿದ. ಮರುದಿನ ಬೆಳಿಗ್ಗೆ ನೋಡಿದರೆ ಬಹುಪಾಲು ಸತ್ತು ತೇಲುತ್ತಿದ್ದವು. ತಳದಲ್ಲಿ ಅಲ್ಲೊಂದು ಇಲ್ಲೊಂದು ಅಂಟಿಕೊಂಡಿದ್ದವು. ಅಗಲವಾಗಿ, ಯಾವ ಅವಸರವೂ ಇಲ್ಲದೆ. ನೋಡಿದ ಕೂಡಲೇ ಗುರುತು ಹತ್ತಿತು. ಕೈ ತನ್ನ ಪಾಡಿಗೆ ತಾನು ಅಷ್ಟು ವರ್ಷ ಮಾಡಿದ್ದನ್ನೇ ಮಾಡಿತು: ತೇಲುವ ಸತ್ತವನ್ನು ಹಳೆಯ ನೀರಿನೊಂದಿಗೆ ಹೀರಿ ಬ್ಲೀಚಿನ ಡಬ್ಬಿಗೆ ಬಿಟ್ಟು, ಬದುಕಿದ್ದವಕ್ಕೆ ಹೊಸ ಊಟ ಹಾಕಿತು.

ಒಳಗೆ ಬಂದ ಮೇಡಂ ಹಣೆಗೆ ಕೈ ಹಚ್ಚಿದರು. "ಅಯ್ಯೋ, ಸತ್ತವೇ ಸಾಕಾಗಿತ್ತಲ್ರೀ ಪರೀಕ್ಷೆಗೆ!"

ಕೈಗುಣದ ಕೈಯನ್ನು ಮಾಮ ಕೋಟಿನ ಜೇಬಿಗೆ ತುರುಕಿಕೊಂಡ. ಬ್ಲೀಚಿಗೆ ಬಿದ್ದದ್ದರಲ್ಲಿ ಏನೂ ಉಳಿಯುವುದಿಲ್ಲ. ಇನ್ನು ಇರುವುದು ಬದುಕಿದವು ಮಾತ್ರ, ಅವೂ ಬೆರಳೆಣಿಕೆಗೆ ತುಸು ಹೆಚ್ಚು. ಅವು ಹೆಚ್ಚುವುದಿಲ್ಲ. ಪರೀಕ್ಷೆ ಮಾಡಬೇಕೆಂದರೆ ಎಲ್ಲವನ್ನೂ ಒಡೆಯಬೇಕು. ಅವನವೇ ಎಂದು ತಿಳಿಯುವ ಹೊತ್ತಿಗೆ ಒಂದೂ ಇರುವುದಿಲ್ಲ. ಹಾಗೇ ಬಿಟ್ಟರೆ ಇನ್ನೊಂದಷ್ಟು ದಿನ ಇರುತ್ತವೆ, ಯಾರವೆಂದು ಯಾರಿಗೂ ಖಾತ್ರಿಯಾಗದೆ ಹೋಗುತ್ತವೆ.

"ಕೊಟ್ಟವರು ನೀವು. ನೀವೇ ಹೇಳಿ," ಎಂದರು ಮೇಡಂ.

"ಬೇಡ ಮಾಮ. ಆ ಅಧ್ಯಾಯ ಹೋದ್ರೆ ಹೋಗ್ಲಿ," ಎಂದಳು ಕಡ್ಡಿ. ಹೇಳುವಾಗ ಅವಳು ಅವನ ಮುಖ ನೋಡಲಿಲ್ಲ. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಗಾಗಿತ್ತು.

ಮಾಮ ಭಾನುವಾರದವರೆಗೆ ಸಮಯ ಕೇಳಿದ. ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದ, ಬಾಟಲಿಯ ಸಂಜೆಯನ್ನೂ. "ನಾನು ಗೇಟಲ್ಲಿ ನಿಂತು ಎರಡು ಸಲ ಫೋನ್ ಮಾಡಿದ್ದೆ, ಅಲ್ವಾ?" ಎಂದಳು ಅವಳು. ಅವನು ಇಲ್ಲ ಎಂದ. ಮಾಡಿದ್ದಳು.

ಭಾನುವಾರ ಅವನು ಬೂಟು ಕಟ್ಟುವಾಗ ಅವಳೂ ಸೀರೆ ಬದಲಿಸಿ ಬಂದು ನಿಂತಳು. ಇಷ್ಟು ವರ್ಷದಲ್ಲಿ ಅವಳು ಗೇಟು ದಾಟಿ ಒಳಗೆ ಬಂದವಳಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, ಸ್ಪಿರಿಟ್ಟಿನ ವಾಸನೆಗೆ ಮೂಗಿಗೆ ಸೆರಗು ಹಿಡಿದು, "ಇದೇನಾ ನಿಮ್ಮ ಅರಮನೆ?" ಎಂದಳು. ಅವನು ತಟ್ಟೆ ತಂದು ಮೈಕ್ರೋಸ್ಕೋಪಿನ ಕೆಳಗಿಟ್ಟ. ಅವಳು ಕನ್ನಡಕ ತೆಗೆದು ಬಗ್ಗಿದಳು.

"ಏನೂ ಕಾಣಲ್ಲ ರೀ. ಎಲ್ಲಾ ಮಂಜು."

ಅವನು ತಿರುಪನ್ನು ಸ್ವಲ್ಪ ತಿರುಗಿಸಿದ.

"ಹ್ಞಾ," ಎಂದಳು. "ಅಲ್ಲಾಡೋದೇ ಇಲ್ವಲ್ಲ."

"ಅಲ್ಲಾಡಲ್ಲ. ಹಿಡ್ಕೊಂಡು ಕೂತಿರ್ತವೆ. ಅವುಗಳ ಕೆಲಸಾನೇ ಅದು. ಮಡಿಲಲ್ಲಿ ಇಟ್ಕೊಂಡು ಸಾಕೋದು."

"ಮಡಿಲಲ್ಲಿ ಏನೂ ಇಲ್ವಲ್ಲ?"

"ಇಲ್ಲ."

"ಆದ್ರೂ ಕೂತಿದಾವೆ."

"ಹ್ಞೂಂ."

ಅವಳು ಕಣ್ಣು ತೆಗೆಯಲಿಲ್ಲ. ಇನ್‌ಕ್ಯುಬೇಟರಿನಿಂದ ಹೊರಗೆ ಇರುವಷ್ಟು ಹೊತ್ತೂ ಅವು ತಣ್ಣಗಾಗುತ್ತವೆ ಎಂದು ಮಾಮನಿಗೆ ಚಡಪಡಿಕೆ. ಸಾಕು ಎನ್ನಲು ಬಾಯಿ ಬರಲಿಲ್ಲ. ಕೊನೆಗೆ ಅವಳೇ ನೇರವಾಗಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಲೆನ್ಸಿಗೂ ಏನಾದರೂ ತಾಗಿತೇನೋ ಎಂದು ಅದನ್ನೂ ಒರೆಸಲು ಹೋದಳು. ಅವನು ಕೈ ಹಿಡಿದು ತಡೆದ.

"ಆ ಹುಡುಗಿಗೆ ಕೊಟ್ಬಿಡಿ," ಎಂದಳು.

"ಅವತ್ತು ಗೊತ್ತಾಗೋದೇ ಬೇಡ ಅಂದವಳು ನೀನು."

"ಅವತ್ತು ಗೊತ್ತಾಗಿ ಯಾರಿಗೂ ಏನೂ ಸಿಗ್ತಿರ್ಲಿಲ್ಲ. ಇವತ್ತು ಅವಳಿಗೆ ಸಿಗುತ್ತೆ. ಅವಳೂ ಯಾರೋ ಹೆತ್ತ ಮಗಳೇ ತಾನೆ." ಕನ್ನಡಕ ಹಾಕಿಕೊಂಡು, "ಇವು ಕಾದಿದ್ದು ಸಾಕು ರೀ" ಎಂದಳು.

ಸೋಮವಾರ ಮಾಮ ತಾನೇ ಆ ಕೆಲಸ ಮಾಡಿದ. ಬೇರೆ ಯಾರಾದರೂ ಮಾಡಲಿ ಎಂದು ಮೇಡಂ ಅಂದರೂ ಬಿಡಲಿಲ್ಲ. ಕಡೆಯ ಸಲ ಹೊಸ ಮೀಡಿಯಂ ಹಾಕಿ, ಅವು ತಿನ್ನಲೆಂದು ಮಧ್ಯಾಹ್ನದವರೆಗೆ ಬಿಟ್ಟ. ಅದಕ್ಕೆ ಯಾವ ಅರ್ಥವೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಆಮೇಲೆ ನೀರು ಹೀರಿ ತೆಗೆದು, ಕೋಶ ಒಡೆಯುವ ದ್ರಾವಣ ಹನಿಸಿದ. ಮೈಕ್ರೋಸ್ಕೋಪಿನಲ್ಲಿ ನೋಡಬಾರದೆಂದುಕೊಂಡಿದ್ದವನು ನೋಡಿದ. ಅಂಚು ಮಸುಕಾಯಿತು, ಆಮೇಲೆ ಬರೀ ಬೆಳಕು. ತಟ್ಟೆಯನ್ನು ಕಡ್ಡಿಯ ಕೈಗೆ ಕೊಟ್ಟು ಪಡಸಾಲೆಗೆ ಹೋಗಿ ನಿಂತ. ಅಲ್ಲಿ ಅವನು ಅತ್ತ. ಕಸ ಗುಡಿಸುವವನು ಪೊರಕೆ ಹಿಡಿದು ಬಂದವನು ಅದನ್ನು ನೋಡಿ ಬಂದ ದಾರಿಯಲ್ಲೇ ಹಿಂದಿರುಗಿದ.

ವರದಿ ಬರಲು ಒಂದಷ್ಟು ದಿನ ಹಿಡಿಯಿತು. ಮಾಮ ಮನೆಗೆ ಬಂದಾಗ ಹೆಂಡತಿ ಯಾರದೋ ಮಗುವಿನ ಸ್ಕೂಲಿನ ಬಿಳಿ ಅಂಗಿಯ ತೋಳು ಸಣ್ಣ ಮಾಡುತ್ತಿದ್ದಳು.

"ಬಂತಾ?"

"ಬಂತು. ನಮ್ಮವೇ."

ಅವಳು ತಲೆಯಾಡಿಸಿದಳು. "ಆ ಹುಡುಗಿ?"

"ಮೊದಲನೇ ಅಧ್ಯಾಯ ಉಳೀತು. ಉಳಿದಿದ್ದೆಲ್ಲ ಹೊಸದಾಗಿ ಮಾಡ್ಬೇಕು. ಮಾಡ್ತೀನಿ ಅಂದ್ಳು."

"ಮಾಡ್ಲಿ," ಎಂದಳು. ಯಂತ್ರ ತುಳಿಯಲು ಹೋದಳು, ಆಗಲಿಲ್ಲ. ಅಂಗಿಯ ಮೇಲೆ ಎರಡು ಹನಿ ಬಿದ್ದವು. "ಗಿರಾಕಿ ಬಟ್ಟೆ," ಎನ್ನುತ್ತ ಗಾಬರಿಯಿಂದ ಅದನ್ನು ದೂರ ಸರಿಸಿ, ಬಿಕ್ಕಿ ಬಿಕ್ಕಿ ಅತ್ತಳು. ಅವನು ಪಕ್ಕದಲ್ಲಿ ನೆಲದ ಮೇಲೆ ಕೂತು ಅಂಗಿಯನ್ನು ಊದಿ ಊದಿ ಒಣಗಿಸಿದ.

ಆಮೇಲಿನ ಭಾನುವಾರವೂ ಅವನಿಗೆ ಕೆಲಸ ತಪ್ಪಲಿಲ್ಲ. ತಪ್ಪಾದದ್ದು ಹೇಗೆಂದು ವಿಚಾರಣೆ ಮುಗಿಯುವವರೆಗೆ ಆ ಹೆಂಗಸಿನ ಫ್ಲಾಸ್ಕುಗಳನ್ನು ಎಸೆಯಬಾರದೆಂದು ಮೇಲಿನವರ ಆಜ್ಞೆ. ಬಾಗಿಲ ಬಳಿ ಕೂತು ದಾರ ಕಟ್ಟಿದ. ಒಳಗೆ ಯಂತ್ರ ನಿಂತಿತು. ಎಂದಿನ ಮಾತು ಬರಲಿಲ್ಲ. ಅವನು ಕಟ್ಟಿದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ.

"ಅವಳಿಗೆ ಮಕ್ಕಳಿದ್ರಾ?" ಎಂದು ಒಳಗಿನಿಂದ ಕೇಳಿದಳು.

"ಯಾರಿಗೆ?"

"ಅದೇ, ಆ ಫ್ಲಾಸ್ಕಿನವಳಿಗೆ."

"ಗೊತ್ತಿಲ್ಲ ಕಣೇ."

ಅವನು ಎದ್ದು ನಿಂತ.

"ಸರಿ, ಹೊರಡಿ. ಹೊಟ್ಟೆ ತುಂಬ ಹಾಕಿ ಬನ್ನಿ ಅವಳಿಗೆ," ಎಂದಳು. ಯಂತ್ರ ಶುರುವಾಯಿತು.